ತಡವಾಗಿ ಬರುವವರ ಕುರ್ಚಿ

ದೆವ್ವಗಿವ್ವ ಅಂದರೆ ನಗುವವನು ನಾನು, ಲೈಬ್ರರಿ ನೋಡಿಕೊಳ್ಳುತ್ತೇನೆ. ಭಾನುವಾರ ಮಧ್ಯಾಹ್ನ ನಮ್ಮ ಓದುಗರ ಬಳಗದ ಏಳು ಜನ ದುಂಡಗೆ ಕೂತು, ತಲೆಗೊಂದು ಹಾಳೆಯಂತೆ ಒಂದೇ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇವೆ. ತಡವಾಗಿ ಬರುವವರಿಗೆಂದು ಒಂದು ಕುರ್ಚಿ ಖಾಲಿ ಬಿಡುತ್ತೇವೆ.

ಅಂದು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಫ್ಯಾನಿನ ಸದ್ದು ಎಲ್ಲೋ ಕರಗಿಹೋಗಿ, ತಣ್ಣನೆಯ ಹೆಣ್ಣುದನಿಯೊಂದು ಹೊಳೆಗೆ ಬಿದ್ದ ಕೆಂಪು ಕೊಡೆಯ ಕಥೆ ಹೇಳುತ್ತಿತ್ತು.

ಓದು ಮುಗಿದಾಗ ಟೈಲರ್ ಮಾವ ಹೇಳಿದರು, "ನರ್ಸಕ್ಕಾ, ಆ ಕೊಡೆ ಭಾಗ ಎಷ್ಟು ಚೆನ್ನಾಗಿ ಓದಿದ್ರಿ!"

"ಅಯ್ಯೋ, ನಾನೆಲ್ಲಿ ಓದ್ದೆ? ನಮ್ಮಿಬ್ಬರ ಮಧ್ಯೆ ಕೂತಿದ್ರಲ್ಲ, ಅವರು ಓದಿದ್ದು."

ಅವರಿಬ್ಬರ ಮಧ್ಯೆ ಇದ್ದದ್ದು ಖಾಲಿ ಕುರ್ಚಿ. ಮುಟ್ಟಿದೆ, ಬೆಚ್ಚಗಿತ್ತು.

ಪುಸ್ತಕದಲ್ಲಿ ಕೊಡೆಗಾಗಿ ಹುಡುಕಿದೆ. ನಲವತ್ತೆರಡನೇ ಪುಟದ ನಂತರ ನಲವತ್ತೈದು. ನಡುವಿನ ಹಾಳೆ ಹರಿದುಹೋಗಿದೆಯೆಂದು ರಟ್ಟಿನೊಳಗೆ ನಾನೇ ಬರೆದಿಟ್ಟು ಹನ್ನೊಂದು ವರ್ಷವಾಗಿತ್ತು.