ಉಳಿವೆಪ್ಪಜ್ಜನ ಬಿಳಿ ಬೂದಿ

"ಎಲ್ಲಿ, 'ಈ' ಅನ್ನು ನೋಡೂಣು," ಎಂದಳು ದುರಗವ್ವ.

ಸಾವಂತ್ರಿ 'ಈ' ಎಂದಳು. ಸಂತೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ನೋಡುತ್ತಾರಲ್ಲ, ಹಾಗೆ ದುರಗವ್ವ ಬಗ್ಗಿ ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿದಳು.

"ಒಲಿಕಟ್ಟಿ ಇದ್ದಂಗ ಅದಾವು ನಿನ್ನ ಹಲ್ಲು. ಸಂದಿ ಸಂದಿಯೊಳಗ ಬೂದಿ."

ಸಾಲೆಯ ಮುಂದಿನ ಹುಣಸೆ ಮರದ ಕೆಳಗಿದ್ದ ಹುಡುಗಿಯರೆಲ್ಲ ನಕ್ಕರು. ಸಾವಂತ್ರಿ ಬಾಯಿ ಮುಚ್ಚಿಕೊಂಡಳು.

ದುರಗವ್ವನ ಅಪ್ಪ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಹುಬ್ಬಳ್ಳಿಗೆ ಹೋದಾಗ ಅವನು ಮಗಳಿಗೊಂದು ಪೇಸ್ಟಿನ ಟ್ಯೂಬು ತಂದುಕೊಟ್ಟಿದ್ದ. ಅದನ್ನು ಅವಳು ಪಾಟಿಯ ಚೀಲದಲ್ಲಿಟ್ಟುಕೊಂಡು ಸಾಲೆಗೇ ತಂದಿದ್ದಳು. ನಾಲ್ಕನೆಯ ಇಯತ್ತೆಯ ಒಬ್ಬೊಬ್ಬ ಹುಡುಗಿಯ ಬೆರಳ ತುದಿಗೂ ಜೋಳದ ಕಾಳಿನಷ್ಟು ಹಿಚುಕಿ ಕೊಟ್ಟಳು. ಬಾಯಿಗಿಟ್ಟರೆ ಸಿಹಿ, ಆಮೇಲೆ ತಂಪು, ಆಮೇಲೆ ಬುರುಗು. ಹಾಜರಾಬಿಗೆ ಉಗುಳುವ ಮನಸ್ಸೇ ಆಗಲಿಲ್ಲ, ನುಂಗಿಬಿಟ್ಟಳು. ನುಂಗಿದ ಮೇಲೆ ಅವಳಿಗೊಂದು ಸಂಶಯ ಬಂತು. ಇದನ್ನು ಏತರಿಂದ ಮಾಡುತ್ತಾರೆ ಎಂದು ಕೇಳಿದಳು.

ಟ್ಯೂಬಿನ ಮೇಲೆ ಬರೆದಿದೆಯಂತೆ, ಆದರೆ ಇಂಗ್ರೇಜಿಯಲ್ಲಿ. ಎಲ್ಲರೂ ಗುದ್ಲೆಪ್ಪ ಮಾಸ್ತರ ಬಳಿ ಓಡಿದರು. ಮಾಸ್ತರು ಕನ್ನಡಕ ಏರಿಸಿ, ಟ್ಯೂಬನ್ನು ತಿರುಗಿಸಿ ತಿರುಗಿಸಿ ಓದಿದರು. ಹಲ್ಲು ಮುತ್ತಿನಂತಾಗುತ್ತವೆ ಎಂದು ಎರಡು ಕಡೆ ಬರೆದಿದ್ದಾರೆ, ಒಳಗೇನಿದೆ ಎಂದು ಒಂದು ಕಡೆಯೂ ಬರೆದಿಲ್ಲ ಎಂದರು. ಬಂದವರನ್ನು ಹಾಗೆಯೇ ಕಳಿಸಬಾರದೆಂದು ಇನ್ನೊಂದು ಸುದ್ದಿಯನ್ನೂ ಹೇಳಿದರು. ಶುಕ್ರವಾರ ಹಾನಗಲ್ಲಿನಿಂದ ಡಾಕ್ಟರು ಬರುತ್ತಾರೆ, ಎಲ್ಲ ಮಕ್ಕಳ ಹಲ್ಲು ನೋಡುತ್ತಾರೆ.

ಅಂದು ಮಂಗಳವಾರ. ಮನೆಗೆ ಹೋಗುವ ದಾರಿಯುದ್ದಕ್ಕೂ ಸಾವಂತ್ರಿ ನಾಲಿಗೆಯಿಂದ ಹಲ್ಲಿನ ಸಂದಿಗಳನ್ನು ತಡವುತ್ತಲೇ ನಡೆದಳು.

ಅವಳ ಮನೆಯ ಬಚ್ಚಲಲ್ಲಿ ಒಂದು ತೆಂಗಿನ ಚಿಪ್ಪು. ಅದರಲ್ಲಿ ಉಪ್ಪು ಬೆರೆಸಿದ ಬೂದುಬಣ್ಣದ ತರಿ ಬೂದಿ. ಅಪ್ಪ, ಅವ್ವ, ಅಜ್ಜ ಎಲ್ಲರೂ ಹಲ್ಲುಜ್ಜುವುದು ಅದರಿಂದಲೇ. ಬೇಸರವಾದ ದಿನ ಬೇವಿನ ಕಡ್ಡಿಯೋ ಜಾಲಿಯ ಕಡ್ಡಿಯೋ ಇದ್ದೇ ಇರುತ್ತಿತ್ತು. ಇಷ್ಟು ದಿನ ಆ ಬೂದಿಯ ಬಣ್ಣ ಸಾವಂತ್ರಿಯ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಬಿತ್ತು. ಬಚ್ಚಲಿನಿಂದ ಹೊರಗೆ ಬಂದು ನೋಡಿದರೆ ಪಡಸಾಲೆಯ ನೆರಳಲ್ಲಿ, ಹಲಗೆಗಳ ಮೇಲೆ, ಮಲ್ಲಿಗೆಯಂತೆ ಬೆಳ್ಳಗೆ ಒಣಗುತ್ತಿದ್ದವು ಅಜ್ಜನ ವಿಭೂತಿ ಗಟ್ಟಿಗಳು.

ಊರ ಮಠಕ್ಕೆ ಶಿವರಾತ್ರಿಯ ವಿಭೂತಿ ಉಳಿವೆಪ್ಪಜ್ಜನ ಕೈಯಿಂದಲೇ ಹೋಗಬೇಕು. ಅವನ ಅಪ್ಪನ ಕಾಲದಿಂದ ನಡೆದುಬಂದದ್ದು ಅದು. ಅಜ್ಜ ಮನೆಯ ಆಕಳುಗಳ ಸೆಗಣಿಯನ್ನು ಮಾತ್ರ ಹಿಡಿಯುತ್ತಿದ್ದ, ಅದೂ ನೆಲಕ್ಕೆ ಬೀಳುವ ಮೊದಲೇ, ಬುಟ್ಟಿಯಲ್ಲಿ. ಅದನ್ನು ಉಂಡೆ ಕಟ್ಟಿ ಒಣಗಿಸುವನು. ಗಿರಣಿಯಿಂದ ಒಂದು ಚಕ್ಕಡಿ ಭತ್ತದ ಹೊಟ್ಟು ತರಿಸಿ, ಉಂಡೆಗಳನ್ನು ಅದರೊಳಗೆ ಹೂತು ಬೆಂಕಿಯಿಡುವನು. ಆ ಬೆಂಕಿ ಉರಿಯಬಾರದು, ಉಸಿರಾಡಬೇಕು ಎನ್ನುತ್ತಿದ್ದ. ಎರಡು ದಿನ ಬೆಂದ ಬೂದಿಯನ್ನು ನೀರಿನಲ್ಲಿ ಕದಡಿ, ತೆಳ್ಳನೆಯ ಹಳೆಯ ಧೋತರದಲ್ಲಿ ಸೋಸುವನು. ಮತ್ತೆ ಕದಡಿ ಮತ್ತೆ ಸೋಸುವನು. ಹೀಗೆ ಏಳು ಸಲ. ಮೊದಲ ಗಡಿಗೆಯ ತಳದಲ್ಲಿ ಉಳಿದ ತರಿ ಬಚ್ಚಲಿನ ಚಿಪ್ಪಿಗೆ. ಏಳನೆಯ ಗಡಿಗೆಯ ಕೆನೆಯಂಥ ಬೂದಿ ಹಲಗೆಗೆ. ಕೈಯಲ್ಲಿ ಗಟ್ಟಿ ಕಟ್ಟಿ, ಮೇಲೆ ಮೂರು ಬೆರಳು ಎಳೆದರೆ ಮೂರು ಗೆರೆ. ಅಷ್ಟೂ ಹೊತ್ತು ಅಜ್ಜ ಬೇರೆ ಮಾತು ಆಡುತ್ತಿರಲಿಲ್ಲ. ತುಟಿ ಮಾತ್ರ ಶಿವನ ಹೆಸರಿಗೆ ಅಲುಗುತ್ತಿತ್ತು.

ಸಾವಂತ್ರಿ ಇದನ್ನೆಲ್ಲ ಹುಟ್ಟಿದಾಗಿನಿಂದ ನೋಡಿದವಳು. ಆದರೂ ಬುಧವಾರ ಬೆಳಿಗ್ಗೆ ಅವಳಿಗೆ ಒಂದೇ ಲೆಕ್ಕ ತೋಚಿತು. ಚಿಪ್ಪಿನಲ್ಲಿರುವುದೂ ಬೂದಿ, ಹಲಗೆಯ ಮೇಲಿರುವುದೂ ಬೂದಿ. ಒಂದೇ ಬೆಂಕಿಯಲ್ಲಿ ಬೆಂದದ್ದು. ಹಾಗಾದರೆ ಮೂಲೆಯ ಒಂದು ಗಟ್ಟಿ ತೆಗೆದುಕೊಂಡರೆ ಏನಾದೀತು?

ತೆಗೆದುಕೊಂಡಳು. ದನದ ಕೊಟ್ಟಿಗೆಯಲ್ಲಿ ಕುಳಿತು ಕಲ್ಲಿನಿಂದ ಪುಡಿ ಮಾಡಿ, ಒಂದು ಚಿಟಿಕೆ ಉಪ್ಪು, ಎರಡು ಲವಂಗದ ಪುಡಿ ಬೆರೆಸಿ ಹಳೆಯ ನಶ್ಯದ ಡಬ್ಬಿಗೆ ತುಂಬಿದಳು. ಉಜ್ಜಿ ನೋಡಿದರೆ ಬೆರಳು ಹಲ್ಲಿನ ಮೇಲೆ ಬೆಣ್ಣೆಯ ಹಾಗೆ ಜಾರಿತು.

ಸಾಲೆಯಲ್ಲಿ ಹಾಜರಾಬಿಗೆ ಡಬ್ಬಿ ತೋರಿಸಿ, ಕೊಟ್ಟಿಗೆಯಲ್ಲಿ ಕುಳಿತು ಅಜ್ಜನ ಗಟ್ಟಿ ಕುಟ್ಟಿದ್ದನ್ನು ಹೇಳಿದಳು. ಹಾಜರಾಬಿ ಮುಟ್ಟಲು ಕೈ ಚಾಚಿದವಳು ಹಿಂದೆ ತೆಗೆದುಕೊಂಡಳು.

"ನಿಮ್ಮಜ್ಜನ್ನ ಕೇಳಿ ತಂದಿಯೇನ?"

"ಬೂದಿಗೆ ಕೇಳೂದೇನೈತಿ?"

"ಕೇಳೂದಿಲ್ಲಂದ್ರ ಕೊಟ್ಟಿಗ್ಯಾಗ ಕುಂತು ಯಾಕ ಕುಟ್ಟಿದಿ?"

ಸಾವಂತ್ರಿ ಮುಖ ತಿರುಗಿಸಿದಳು. ನೀನು ಬೇಕಾದರೆ ಕಡ್ಡಿ ಕಡಿ ಎಂದು ಡಬ್ಬಿ ಮುಚ್ಚಿದಳು.

ಅದೇ ಸಂಜೆ ಅಜ್ಜ ಗಟ್ಟಿಗಳನ್ನು ಎಣಿಸಲು ಕುಳಿತ. ಮಠಕ್ಕೆ ಕೊಡುವುದು ನೂರಾ ಎಂಟು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಜ್ಜ ಒಂದು, ಎರಡು ಎಂದು ಎಣಿಸುವವನಲ್ಲ. ಎಡಗೈಯಲ್ಲಿ ನೂರಾ ಎಂಟು ಮಣಿಯ ರುದ್ರಾಕ್ಷಿ ಸರ ಹಿಡಿದು, ಒಂದು ಗಟ್ಟಿಗೆ ಒಂದು ಮಣಿ, ಒಂದು ಮಣಿಗೆ ಒಂದು ಶಿವನಾಮ. ಗಟ್ಟಿ ಮುಗಿಯುವುದಕ್ಕೂ ಸರ ಮುಗಿಯುವುದಕ್ಕೂ ಸರಿಹೋಗಬೇಕು.

ಸರಿಹೋಗಲಿಲ್ಲ. ಗಟ್ಟಿಗಳು ಮುಗಿದವು, ಒಂದು ಮಣಿ ಉಳಿಯಿತು.

ಅಜ್ಜ ಮೊದಲಿನಿಂದ ಎಣಿಸಿದ. ಮತ್ತೆ ಒಂದು ಮಣಿ ಉಳಿಯಿತು. ಹಲಗೆಯ ಕೆಳಗೆ ಬಗ್ಗಿ ನೋಡಿದ. ಬೆಕ್ಕು ಬಂದಿತ್ತೇ ಎಂದು ಅವ್ವನನ್ನು ಕೇಳಿದ. ಬಾಗಿಲ ಮರೆಯಲ್ಲಿ ನಿಂತ ಸಾವಂತ್ರಿ ಡಬ್ಬಿಯನ್ನು ಲಂಗದ ಮಡಿಕೆಯಲ್ಲಿ ಅವುಚಿಕೊಂಡಳು. ಈಗ ಬೈಯುತ್ತಾನೆ ಎಂದು ಕಾದಳು. ಅಜ್ಜ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗುರುವಾರ ಅಜ್ಜ ಊಟಕ್ಕೆ ಕುಳಿತಾಗಲೂ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವ್ವನಿಗೆ ಮೆಲ್ಲಗೆ ಹೇಳಿದ:

"ಕಟ್ಟುವಾಗ ನೂರಾ ಎಂಟು ಕಟ್ಟೇನಿ ಅಂತ ಮನಸ್ಸು ಹೇಳತೈತಿ. ಸರ ಇಲ್ಲ ಅಂತೈತಿ. ಸರ ಸುಳ್ಳ ಹೇಳೂದಿಲ್ಲ. ನನ್ನ ಕೈನ ತಪ್ಪಾಕತ್ತೈತಿ. ಬರೂ ವರ್ಷ ಬ್ಯಾರೆ ಯಾರಿಗರ ವಹಿಸ್ರಿ ಅಂತ ಸ್ವಾಮಿಗೋಳಿಗೆ ಹೇಳ್ತೇನಿ."

ಅವ್ವ ಏನೇನೋ ಸಮಾಧಾನ ಹೇಳಿದಳು. ಬೇಕಾದರೆ ಇನ್ನೊಂದು ಗಟ್ಟಿ ಕಟ್ಟಿದರಾಯಿತು, ಏಳನೆಯ ಗಡಿಗೆಯಲ್ಲಿ ಇನ್ನೂ ಬೂದಿಯಿದೆ ಎಂದಳು. ಗಟ್ಟಿಯ ಚಿಂತೆಯಲ್ಲ ಎಂದು ಅಜ್ಜ ಎದ್ದುಹೋಗಿ ಕೈತೊಳೆದ. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೆಯೇ ಇತ್ತು.

ಹೇಳಿಬಿಡಬೇಕೆಂದು ಸಾವಂತ್ರಿ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ರೊಟ್ಟಿಯ ತುಣುಕು ಬಾಯಿಗಿಟ್ಟುಕೊಂಡಳು.

ಶುಕ್ರವಾರ ಡಾಕ್ಟರು ಟಾಂಗಾದಲ್ಲಿ ಬಂದಿಳಿದರು. ದಪ್ಪ ಮೀಸೆ, ಬಿಳಿ ಟೊಪ್ಪಿಗೆ. ಮಕ್ಕಳು ಸಾಲಾಗಿ ನಿಂತು 'ಆ' ಎಂದರು. ಡಾಕ್ಟರು ಒಬ್ಬೊಬ್ಬರ ಬಾಯಲ್ಲೂ ಹಣಕಿ, ಬೆಲ್ಲದ ಲೆಕ್ಕ ಹೇಳುತ್ತ ಹೋದರು. ಇವನದು ದಿನಕ್ಕೆ ಎರಡು ಅಚ್ಚು, ಅವಳದು ಮೂರು. ಹೇಳಿದ್ದೆಲ್ಲ ನಿಜವಿದ್ದದ್ದು ಕಂಡು ಮಕ್ಕಳಿಗೆ ಆನಂದ.

ದುರಗವ್ವ ಟ್ಯೂಬು ತೋರಿಸಿದಳು. ಡಾಕ್ಟರು ಮೂಸಿ ನೋಡಿ ಹೇಳಿದರು:

"ಛಲೋ ಐತಿ. ಸೀಮೆಸುಣ್ಣದಂಥ ಪುಡಿ, ಪುದೀನದ ಎಣ್ಣಿ, ಬುರುಗ ಬರಾಕ ಒಂದೀಟ ಸಬಕಾರ. ಉಜ್ಜಿ ಉಗುಳ್ರಿ, ನುಂಗಬ್ಯಾಡ್ರಿ ಮತ್ತ."

ಹಿಂದಿನಿಂದ ಹಾಜರಾಬಿ ಸಣ್ಣ ದನಿಯಲ್ಲಿ, "ನಾ ಮಂಗಳವಾರನ ನುಂಗೇನ್ರಿ," ಎಂದಳು.

ಡಾಕ್ಟರು ನಕ್ಕರು. ಮಾಸ್ತರೂ ನಕ್ಕರು. ನಾಲ್ಕು ದಿನ ಬದುಕಿದ್ದೀಯಲ್ಲ, ಇನ್ನು ಹೆದರಿಕೆಯಿಲ್ಲ ಎಂದರು ಡಾಕ್ಟರು. ಹೊಟ್ಟೆಯೊಳಗೆ ಬಟ್ಟೆ ಒಗೆದಂತಾಯಿತು ಎಂದು ಯಾರೋ ಅಂದದ್ದಕ್ಕೆ ಇಡೀ ಸಾಲೆ ಉರುಳಾಡಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಹಾಜರಾಬಿಯೇ.

ಸಾವಂತ್ರಿಯ ಸರದಿ ಬಂತು. ಹಲ್ಲು ಬೆಳ್ಳಗಿವೆ, ಆದರೆ ಒಸಡೆಲ್ಲ ಗೀರಿದಂತಿದೆಯಲ್ಲ ಎಂದು ಡಾಕ್ಟರು ಕೇಳಿದರು. ಏತರಿಂದ ಉಜ್ಜುತ್ತೀ? ಅವಳು ತರಿ ಬೂದಿಯ ಸಂಗತಿ ಹೇಳಿದಳು. ಬೂದಿ ಕೆಟ್ಟದ್ದಲ್ಲ, ತರಿ ಕೆಟ್ಟದ್ದು ಎಂದರು ಡಾಕ್ಟರು. ಮರಳು ಹಾಕಿ ತಿಕ್ಕಿದರೆ ಹಿತ್ತಾಳೆಯ ಚರಿಗೆಯೇ ಸವೆಯುತ್ತದೆ, ಹಲ್ಲು ಉಳಿದೀತೇ? ಎರಡು ಬೆರಳ ನಡುವೆ ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗಿರಬೇಕು.

ಸಾವಂತ್ರಿ ಯೋಚಿಸದೆ ಡಬ್ಬಿ ತೆಗೆದುಕೊಟ್ಟಳು. ಡಾಕ್ಟರು ಒಂದು ಚಿಟಿಕೆ ಬೆರಳ ನಡುವೆ ಹೊಸೆದರು. ಹೊಸೆಯುತ್ತಲೇ ನಿಂತರು.

"ಇದನ್ನ ಯಾರ ಮಾಡಿದ್ರು?"

"ನಮ್ಮಜ್ಜ ರೀ."

"ವಯಸ್ಸೆಷ್ಟು?"

"ಎಪ್ಪತ್ತರ ಮ್ಯಾಲ ಆಗೇದ್ರಿ."

"ನನ್ನ ದವಾಖಾನ್ಯಾಗ ಔಷಧ ಅರಿಯೂ ಹುಡುಗ್ರಿಗೂ ಇಷ್ಟು ನಯ ಬರೂದಿಲ್ಲ," ಎಂದರು ಡಾಕ್ಟರು ಮಾಸ್ತರ ಕಡೆ ತಿರುಗಿ. "ಎಂಥಾ ಕೈ ನೋಡ್ರಿ."

ದುರಗವ್ವ ಕತ್ತು ಚಾಚಿ ಡಬ್ಬಿಯೊಳಗೆ ಇಣುಕಿದಳು. ನನಗೂ ಇಷ್ಟು ಕೊಡು ಎಂದಳು. ಮಂಗಳವಾರದಿಂದ ಸಾವಂತ್ರಿ ಕಾಯುತ್ತಿದ್ದದ್ದು ಇದೇ ಗಳಿಗೆಗೆ. ಈಗ ಅದು ಬಂದರೆ ಅವಳ ಕಣ್ಣ ಮುಂದೆ ಇದ್ದದ್ದು, ಅರ್ಧ ರೊಟ್ಟಿಯ ಮುಂದೆ ಕುಳಿತು ತನ್ನ ಕೈ ನೋಡಿಕೊಳ್ಳುವ ಅಜ್ಜ.

ಸಾಲೆಯ ಗಂಟೆ ಹೊಡೆದದ್ದೇ ತಡ, ಓಡಿದಳು. ಪಾಟಿಯ ಚೀಲ ಹಾಜರಾಬಿಯ ಕೈಯಲ್ಲೇ ಉಳಿಯಿತು.

ಅಜ್ಜ ಪಡಸಾಲೆಯಲ್ಲಿದ್ದ. ಸರ ಕೈಯಲ್ಲಿತ್ತು, ಎಣಿಸುತ್ತಿರಲಿಲ್ಲ. ಸಾವಂತ್ರಿ ಡಬ್ಬಿಯನ್ನು ಅವನ ಮುಂದಿಟ್ಟಳು.

"ಅಜ್ಜಾ, ನಿನ್ನ ಗಟ್ಟಿ ಇದರಾಗ ಐತಿ. ಹಲ್ಲ ತಿಕ್ಕಾಕಂತ ನಾ ಕುಟ್ಟಿದೆ."

ಹೇಳಿ ಕಣ್ಣು ಮುಚ್ಚಿಕೊಂಡು ನಿಂತಳು. ಒಳಗಿನಿಂದ ಅವ್ವ ಬಂದು, ಲಿಂಗಕ್ಕೆ ಏರಬೇಕಾದದ್ದನ್ನು ಹಲ್ಲಿಗೆ ಹಚ್ಚಿದೆಯಾ, ನಿನ್ನ ಕೈ ಎಷ್ಟು ಉದ್ದವಾಯಿತು ಎಂದು ಬೈಯತೊಡಗಿದಳು. ಅಜ್ಜ ಕೈಯೆತ್ತಿ ಅವಳನ್ನು ತಡೆದ.

"ಎಷ್ಟ ಗಟ್ಟಿ ತಗೊಂಡಿ, ಯವ್ವಾ?"

"ಒಂದ."

"ನೋಡಿ ಹೇಳು. ಒಂದನಾ?"

"ಒಂದ ಅಜ್ಜಾ. ಆಣಿ ಮಾಡ್ತೇನಿ."

ಅಜ್ಜ ಸರವನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಅವನ ಹೊಟ್ಟೆ ಅಲುಗತೊಡಗಿತು, ಭುಜ ಅಲುಗಿತು, ಎರಡೇ ಹಲ್ಲು ಉಳಿದ ಬಾಯಿ ಅಗಲವಾಗಿ ತೆರೆಯಿತು. ಅವನು ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

"ಹಂಗಾರ ನಾ ನೂರಾ ಎಂಟ ಕಟ್ಟಿದ್ದೆ," ಎಂದ ಅವ್ವನ ಕಡೆ ತಿರುಗಿ. "ಕೇಳಿದೇನ, ಮಗಳ? ಕೈ ತಪ್ಪಿಲ್ಲ. ಕಟ್ಟಿದ್ದೆ."

ಅವ್ವನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸಾವಂತ್ರಿ ಕಣ್ಣು ತೆರೆದು ಇಬ್ಬರನ್ನೂ ನೋಡಿದಳು. ಅಜ್ಜ ಎರಡು ದಿನದಿಂದ ಹುಡುಕುತ್ತಿದ್ದದ್ದು ಹಲಗೆಯ ಮೇಲಿನ ಗಟ್ಟಿಯನ್ನಲ್ಲ ಎಂದು ಅವಳಿಗೆ ಹೊಳೆಯಿತು. ಹೊಳೆದ ಕೂಡಲೇ ಅವನ ಕಾಲ ಹತ್ತಿರ ಕುಳಿತುಕೊಂಡಳು.

ಕೇಳಿದ್ದರೆ ಕೊಡುತ್ತಿದ್ದೆನಲ್ಲ ಎಂದು ಅಜ್ಜ ಅವಳ ಕಿವಿ ಹಿಂಡಿದ, ನೋಯದ ಹಾಗೆ. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಒಪ್ಪಿಸಿದಳು. ಕೈಯ ಮಾತನ್ನು ಎರಡು ಸಲ ಹೇಳಿಸಿಕೊಂಡ. ತರಿಯ ಮಾತು ಕೇಳಿ ಬಚ್ಚಲಿನ ಕಡೆ ನೋಡಿದ. ಶಿವನಾಮ ಹೊರಡುವುದು ಈ ಬಾಯಿಂದಲೇ, ಅದಕ್ಕೆ ಮಾತ್ರ ತಳದ ತರಿ ಇಟ್ಟೆವಲ್ಲ ಎಂದು ತನಗೆ ತಾನೇ ಅಂದುಕೊಂಡ. ಬಚ್ಚಲಿನ ಚಿಪ್ಪನ್ನು ತರಿಸಿ, ಧೋತರದ ಒಂದು ತುದಿಯನ್ನು ಸಾವಂತ್ರಿಯ ಕೈಗೆ ಕೊಟ್ಟ.

ಇಬ್ಬರೂ ಕೂಡಿ ಸೋಸಿದರು. ನೀರು ಸುರಿದಾಗ ಬಟ್ಟೆಯ ಕೆಳಗೆ ಹಾಲಿನಂಥ ಹನಿಗಳು ಇಳಿಯುತ್ತಿದ್ದವು. ಮೂರನೆಯ ಸಲಕ್ಕೆ ಸಾವಂತ್ರಿಯ ತೋಳು ನೋಯತೊಡಗಿತು. ಹಿಡಿದ ತುದಿಯನ್ನು ಬಿಡಲಿಲ್ಲ. ನಾಲ್ಕನೆಯ ಸಲ ಅಜ್ಜನ ತುಟಿ ಅಲುಗುವುದನ್ನು ನೋಡಿ, ತಾನೂ ಮಾತು ನಿಲ್ಲಿಸಿದಳು.