ಬಿಟ್ಟುಹೋದ ಬಾಲ

ಬೆಳಿಗ್ಗೆ ನೋಡಿದರೆ ಸ್ಟುಡಿಯೋದ ಡ್ರಾಯರಿನ ಬೀಗ ಮುರಿದಿತ್ತು. ಒಳಗಿದ್ದ ಸ್ಕೆಚ್ ಪುಸ್ತಕದಿಂದ ಯಾರೋ ಮೂರು ಹಾಳೆ ಕಿತ್ತಿದ್ದರು.

ಪುಸ್ತಕ ಲುಬೊಮಿರ್ ಮೇಷ್ಟ್ರದು. ಪೋಲೆಂಡಿನ ತೊರುನ್ ಊರಿನ ರಂಗಮಂದಿರಕ್ಕೆ ಮೂವತ್ತು ವರ್ಷ ಪೋಸ್ಟರ್ ಬಿಡಿಸಿದ ಕೈ ಅವರದು. ಸಬ್‌ಇನ್‌ಸ್ಪೆಕ್ಟರ್ ಹಾಲ್ಷ್ಕಾ ಬರುವಷ್ಟರಲ್ಲಿ ಹಾಳೆಗಳು ಸಿಕ್ಕೂ ಆಗಿತ್ತು. ಬೊಗ್ನಾಳ ಚೀಲದಲ್ಲಿ!

ಬೊಗ್ನಾ ಆ ಸ್ಟುಡಿಯೋದ ಹೊಸ ವಿನ್ಯಾಸಗಾರ್ತಿ. ಪೆನ್ಸಿಲ್ ಮುಟ್ಟಿದವಳಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಈ ಸಲ 'ಗೆಂಶ್' ನಾಟಕದ ಪೋಸ್ಟರ್ ಅವಳಿಗೆ ಸಿಕ್ಕಿತ್ತು. ಪೋಲಿಷ್ ಭಾಷೆಯಲ್ಲಿ ಗೆಂಶ್ ಎಂದರೆ ಹೆಬ್ಬಾತು, ಮೂರಕ್ಷರದ ಪದ. ನಾಟಕದ ಹೆಸರಿನ ಅಕ್ಷರಗಳನ್ನೇ ಬಳುಕಿಸಿ ಹಕ್ಕಿ ಮಾಡಿದ್ದಳು. ಕಿತ್ತ ಹಾಳೆಗಳಲ್ಲೂ ಅದೇ ಹಕ್ಕಿ, ಪೆನ್ಸಿಲಿನಲ್ಲಿ. ಕೆಳಗೆ ತಾರೀಖು: ಮಾರ್ಚ್ ಐದು. ಬೊಗ್ನಾ ಕಂಪ್ಯೂಟರಿನಲ್ಲಿ ಕೆಲಸ ಶುರುಮಾಡಿದ್ದು ಏಪ್ರಿಲ್ ಹನ್ನೊಂದಕ್ಕೆ.

"ನೋಡಿದ್ರಾ ಮೇಡಂ? ಕೈ ಇಲ್ದೋರು ಕದೀದೆ ಇನ್ನೇನು ಮಾಡ್ತಾರೆ?" ಎಂದರು ಮೇಷ್ಟ್ರು. "ಬಿಡಿಸೋದು ಕಲಿಯಮ್ಮಾ ಅಂದ್ರೆ, ಈ ಕಾಲಕ್ಕೆ ಬೇಡ ಅಂತಿದ್ಲು. ಕುಣಿಯಲಾರದವಳಿಗೆ ನೆಲ ಡೊಂಕು!"

"ನಾನು ಕದ್ದಿಲ್ಲ!" ಬೊಗ್ನಾ ಅಳುತ್ತಲೇ ಅಂದಳು. "ಇವತ್ತು ಸಂಜೆ ಪೋಸ್ಟರ್ ಅಚ್ಚಿಗೆ ಹೋಗುತ್ತೆ. ಕಳ್ಳಿ ಅಂತ ಹೆಸರು ಬಂದ್ರೆ ಈ ಊರಲ್ಲಿ ನನಗೆ ಯಾರು ಕೆಲಸ ಕೊಡ್ತಾರೆ?"

ಹಾಲ್ಷ್ಕಾ ಹಾಳೆಗಳನ್ನು ಕೈಗೆತ್ತಿಕೊಂಡಳು. ಅಳುವವರನ್ನೂ ನಂಬುವವಳಲ್ಲ ಅವಳು, ಕೂಗುವವರನ್ನೂ ನಂಬುವವಳಲ್ಲ.

*

ಸ್ಟುಡಿಯೋ ಒಡತಿ ತೆಕ್ಲಾ ಕಾಫಿ, ಶುಂಠಿ ಬಿಸ್ಕತ್ತು ತಂದಿಟ್ಟಳು. ಹಾಲ್ಷ್ಕಾಳ ಅನುಮಾನ ಮೊದಲು ಅವಳ ಮೇಲೇ ಹೋಯಿತು.

"ಸ್ಟುಡಿಯೋ ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ, ಮೇಷ್ಟ್ರ ಹತ್ರ. ಆದ್ರೆ ನಿನ್ನೆ ನಾನು ವಾರ್ಸಾದಲ್ಲಿದ್ದೆ. ಬೆಳಿಗ್ಗೆ ರೈಲಿಗೆ ಬಂದೆ. ತಗೊಳ್ಳಿ ಟಿಕೆಟ್ಟು."

ಟಿಕೆಟ್ಟು ಸರಿಯಾಗಿತ್ತು. ಆ ದಾರಿ ಅಲ್ಲಿಗೆ ಮುಚ್ಚಿತು.

ಮೇಷ್ಟ್ರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆದರೂ ಕಾಫಿ ತಟ್ಟೆಗೆ ಚೆಲ್ಲಿತು. ಕೋಪಕ್ಕೋ, ಇನ್ನೇನಕ್ಕೋ? ಹಾಲ್ಷ್ಕಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

*

ಗೋಡೆಗೆ ಬೊಗ್ನಾಳ ಪೋಸ್ಟರಿನ ಮಾದರಿ ಪ್ರತಿ ಅಂಟಿಸಿತ್ತು. ಹಾಲ್ಷ್ಕಾ ಪೆನ್ಸಿಲ್ ಹಾಳೆಯನ್ನು ಅದರ ಪಕ್ಕ ಹಿಡಿದಳು. ಎರಡರಲ್ಲೂ ಹಕ್ಕಿ ಒಂದೇ ಅಳತೆ. ಪೆನ್ಸಿಲ್ ಹಾಳೆಯಲ್ಲಿ ಒಂದು ಕಡೆಯೂ ಅಳಿಸಿ ತಿದ್ದಿದ ಗುರುತಿಲ್ಲ. ಅವಳ ಕಣ್ಣು 'ಗೆಂಶ್'ನ ನಡುವಿನ ಅಕ್ಷರದ ಮೇಲೆ ನಿಂತಿತು. ಪೋಲಿಷ್ ಲಿಪಿಯಲ್ಲಿ ಆ ಅಕ್ಷರಕ್ಕೆ ಕೆಳಗೊಂದು ಪುಟ್ಟ ಬಾಲವಿರುತ್ತದೆ.

"ಮೂವರೂ ನಾಟಕದ ಹೆಸರು ಬರೀರಿ," ಎಂದಳು.

"ಇದೇನು ಒಂದನೇ ಕ್ಲಾಸಾ?" ಮೇಷ್ಟ್ರು ಗೊಣಗಿದರು. ಆದರೂ ಬರೆದರು.

ಮೇಷ್ಟ್ರ ಅಕ್ಷರ ಅಂಕುಡೊಂಕಾಗಿತ್ತು, ಆದರೆ ಮೂವರೂ ಬಾಲವನ್ನು ಪೆನ್ನೆತ್ತದೆ, ಅಕ್ಷರಕ್ಕೆ ಸೇರಿಸಿಯೇ ಎಳೆದಿದ್ದರು.

"ಬೊಗ್ನಾ, ಪೋಸ್ಟರಲ್ಲಿ ಬಾಲ ಯಾಕೆ ಅಂಟಿಲ್ಲ? ಕೂದಲೆಳೆ ಸಂದು ಇದೆಯಲ್ಲ?"

ಬೊಗ್ನಾ ನಾಚಿದಳು. "ಆ ಫಾಂಟ್ ಹೊರದೇಶದ್ದು ಮೇಡಂ. ನಮ್ಮ ಬಾಲದ ಅಕ್ಷರ ಅದರಲ್ಲಿಲ್ಲ. ಅಲ್ಪವಿರಾಮ ತಗೊಂಡು ತಲೆಕೆಳಗು ಮಾಡಿ ಅಂಟಿಸಿದೆ. ಸಂದು ಇವತ್ತು ಸರಿಮಾಡೋಣ ಅಂತಿದ್ದೆ." ಮೌಸ್ ಹಿಡಿದು ಬಾಲವನ್ನು ಎಳೆದಳು. ಅದು ಹಕ್ಕಿಯಿಂದ ಕಳಚಿ ಬಂತು. ಅಲ್ಪವಿರಾಮವೇ.

ಹಾಲ್ಷ್ಕಾ ಮೇಷ್ಟ್ರ ಪೆನ್ಸಿಲ್ ಹಾಳೆ ಮುಂದಿಟ್ಟಳು. ಅದರಲ್ಲೂ ತಲೆಕೆಳಗಾದ ಅಲ್ಪವಿರಾಮ. ಅದೇ ಕೂದಲೆಳೆ ಸಂದು.

"ಮಾರ್ಚಲ್ಲಿ ಕೈಯಲ್ಲಿ ಬಿಡಿಸಿದ ನಿಮಗೆ ಅಲ್ಪವಿರಾಮ ಯಾಕೆ ಬೇಕಾಯ್ತು ಮೇಷ್ಟ್ರೇ?"

"ಬೇ... ಬೇಕಂತಲೇ ಬಿಟ್ಟೆ."

"ಹಾಗಾದ್ರೆ ಈಗ ನನ್ನೆದುರು ಒಂದು ಹೆಬ್ಬಾತು ಬಿಡಿಸಿ."

ಮೇಷ್ಟ್ರು ಪೆನ್ಸಿಲ್ ಹಿಡಿದರು. ತುದಿ ಕಾಗದದ ಮೇಲೆ ಟಕಟಕ ಬಡಿಯಿತು. ಗೆರೆ ಬರಲೇ ಇಲ್ಲ.

"ಇವಳ ಮಾದರಿ ಪ್ರತಿನ ಕೆಳಗೆ ದೀಪ ಇರೋ ಗಾಜಿನ ಮೇಲಿಟ್ಟು, ಅದರ ಮೇಲೆ ಹಾಳೆ ಇಟ್ಟು, ಮಣಿಕಟ್ಟು ಒತ್ತಿ ಹಿಡ್ಕೊಂಡು ತುಂಡು ತುಂಡಾಗಿ ಗೆರೆ ಎಳೆದ್ರಿ," ಎಂದಳು ಹಾಲ್ಷ್ಕಾ. "ಹಳೇ ತಾರೀಖು ಹಾಕಿದ್ರಿ. ನಿಮ್ಮ ಬೀಗ ನೀವೇ ಮುರಿದು, ಹಾಳೆನ ಇವಳ ಚೀಲಕ್ಕೆ ಸೇರಿಸಿದ್ರಿ. ಕಂಡಿದ್ದೆಲ್ಲ ಎಳೆದ್ರಿ, ಅವಳ ತಪ್ಪನ್ನೂ ಸೇರಿಸಿ."

ಕೈಲಾಗದವನು ಮೈಯೆಲ್ಲ ಪರಚಿಕೊಂಡ ಎನ್ನುತ್ತಾರಲ್ಲ, ಈ ಮನುಷ್ಯ ಪರಚಿದ್ದು ಪಕ್ಕದವಳ ಮೈ. ಮೇಷ್ಟ್ರು ಕುರ್ಚಿಗೆ ಕುಸಿದರು.

"ಎರಡು ವರ್ಷ ಆಯ್ತು ನಡುಕ ಹತ್ತಿ," ಎಂದರು. "ಯಾರಿಗೂ ಹೇಳಿಲ್ಲ. ಕೈ ಇಲ್ದೋರು ವಿನ್ಯಾಸಗಾರರೇ ಅಲ್ಲ ಅಂತ ಜನ್ಮವೆಲ್ಲ ಸಾರಿದೋನು ನಾನು. ಯಾವ ಮುಖ ಇಟ್ಕೊಂಡು ಹೇಳಲಿ?"

ಆಮೇಲೆ ಮೇಷ್ಟ್ರು ಬೊಗ್ನಾಳ ಕಡೆ ತಿರುಗಿದರು. ಹಳೇ ಚಾಳಿ ಬಿಡಬೇಕಲ್ಲ!

"ಕೈಯಲ್ಲಿ ಬಿಡಿಸಿದ್ರೆ ಆ ಸಂದು ಬಿಡ್ತಿರ್ಲಿಲ್ಲ ನೀನು."

"ಬಿಡದೇ ಇದ್ದಿದ್ರೆ ನಾನಿವತ್ತು ಕಳ್ಳಿ ಆಗ್ತಿದ್ದೆ ಮೇಷ್ಟ್ರೇ," ಎಂದಳು ಬೊಗ್ನಾ. ಅವಳ ಕಣ್ಣಲ್ಲಿ ನೀರಿತ್ತು.

ಹಾಲ್ಷ್ಕಾ ಮೇಷ್ಟ್ರನ್ನು ಕರೆದುಕೊಂಡು ಹೊರಟಳು. ಬಾಗಿಲಲ್ಲಿ ಅವರು ಒಮ್ಮೆ ಹಿಂತಿರುಗಿದರು. ಬೊಗ್ನಾ ಅವರ ಪೆನ್ಸಿಲನ್ನೇ ತೆಗೆದುಕೊಂಡು, ಮಾದರಿ ಪ್ರತಿಯ ಮೇಲೆ ಬಗ್ಗಿ, ಬಾಲವನ್ನು ಕೈಯಲ್ಲಿ ಎಳೆಯುತ್ತಿದ್ದಳು.

"ಕೆಳಗಿಂದಲ್ಲ, ಅಕ್ಷರದಿಂದ ಶುರುಮಾಡು," ಎಂದರು ಮೇಷ್ಟ್ರು.

ಅವಳು ಅಳಿಸಿ, ಅಕ್ಷರದಿಂದಲೇ ಶುರುಮಾಡಿದಳು.