ಕ್ಯಾರೆಟ್ ಪಾತಿಯ ಆಚೆ ಬದಿ

“ಉಸಿರನ್ನು ಗಮನಿಸಿ,” ಎಂದರು ನರ್ಸಮ್ಮ.

ಟೈಲರ್ ಹುಡುಗಿ ಗಮನಿಸಿದಳು, ಪಾತಿಯ ಆಚೆ ಕೂತಿದ್ದ ಬಸ್ ಡ್ರೈವರನ ಉಸಿರನ್ನು. ಅದು ಎಷ್ಟು ನಿರಾಳವಾಗಿ ಹೋಗಿ ಬರುತ್ತಿತ್ತೆಂದರೆ ಅವಳಿಗೆ ಮೈಯೆಲ್ಲ ಉರಿಯಿತು.

ಬಡಾವಣೆಯವರೆಲ್ಲ ಸೇರಿ ಬೆಳೆಸುವ ತೋಟ ಅದು. ಭಾನುವಾರ ಬೆಳಿಗ್ಗೆ ನಿವೃತ್ತ ನರ್ಸಮ್ಮ ಅಲ್ಲಿ ಧ್ಯಾನ ಹೇಳಿಕೊಡುತ್ತಿದ್ದರು. ಇಬ್ಬಿಬ್ಬರಿಗೆ ಒಂದು ಪಾತಿ. ಗಂಟೆ ಬಾರಿಸುವವರೆಗೆ ಮೌನ. ಅವನ ಅರ್ಧದಲ್ಲಿ ಮೂಲಂಗಿ, ಅವಳ ಅರ್ಧದಲ್ಲಿ ಕ್ಯಾರೆಟ್. ಆ ಮೌನದಲ್ಲಿ ಅವನು ಕಣ್ಣಂಚಿನಲ್ಲಿ ನಕ್ಕಿದ್ದ. ನೀರಿನ ಕ್ಯಾನು ಕೊಡುವಾಗ ಬೆರಳು ತಾಗಿ ಕಿವಿ ಕೆಂಪು ಮಾಡಿಕೊಂಡಿದ್ದ. ಗಂಟೆ ಬಾರಿಸಿತೋ, “ಡ್ಯೂಟಿಗೆ ಹೊತ್ತಾಯ್ತು” ಎಂದು ಎದ್ದು ಓಟ.

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬರುತ್ತಿದ್ದ. ಈ ಪುಣ್ಯಾತ್ಮನಿಗೆ ಒಂದು ಪಾತಿ ದಾಟಲು ಆಗುತ್ತಿರಲಿಲ್ಲ.

ಇವತ್ತು ಕೊನೆಯ ತರಗತಿ. ಇವತ್ತೂ ಅವನು ಬಾಯಿ ಬಿಡದಿದ್ದರೆ, ಇಲ್ಲಿಗೆ ಬರಲು ಅವಳಿಗೆ ಇನ್ನು ನೆಪವೇ ಇಲ್ಲ.

ಗಂಟೆ ಬಾರಿಸಿತು. “ಈಗ ಬೆಳೆ ಕೀಳಿ. ಒಂದೊಂದನ್ನೇ, ಮನಸ್ಸಿಟ್ಟು.”

ಅವಳು ಮನಸ್ಸಿಟ್ಟು ಕಿತ್ತಳು. ದಾರದೆಳೆಯಂಥ ಬಿಳಿ ಬೇರು ಬಂತು. ಇನ್ನೊಂದು ಕಿತ್ತಳು. ಅದೂ ಅಷ್ಟೇ.

“ಇದೇನಿದು? ನನ್ನ ಕ್ಯಾರೆಟ್ ಎಲ್ಲಿ?”

ಡ್ರೈವರ್ ತಲೆ ಕೆರೆದುಕೊಂಡ. “ಅದು ಕಳೆ. ಎಲೆ ನೋಡೋಕೆ ಹಾಗೇ ಇರುತ್ತೆ.”

“ನಿಮಗೆ ಗೊತ್ತಿತ್ತಾ?”

“ನರ್ಸಮ್ಮ ಒಂದಿನ ಕಣ್ಣು ಮುಚ್ಚಿ ಕಳೆ ಕೀಳಿ ಅಂದಿದ್ರಲ್ಲ, ಅವತ್ತೇ ನೀವು ಕ್ಯಾರೆಟ್ ಸಸಿ ಎಲ್ಲ ಕಿತ್ತು ಹಾಕಿದ್ರಿ. ಕಳೆ ಮಾತ್ರ ಬಿಟ್ರಿ.”

“ಆಗ ಬಾಯಿಗೆ ಏನಾಗಿತ್ತು?”

“ಮೌನ ಇತ್ತಲ್ಲ.”

“ಗಂಟೆ ಆದ್ಮೇಲೆ?”

“ಆಮೇಲೆ ನೀವು ಬಗ್ಗಿ, ‘ಬೇಗ ದೊಡ್ಡದಾಗು ನನ್ನ ಬಂಗಾರ’ ಅಂತಿದ್ರಿ. ಹೇಗೆ ಹೇಳೋದು?”

“ಬಿಸಿಲಿಗೆ ಬಾಡಬಾರದು ಅಂತ ಕಳೆಗೆ ಚಪ್ಪರ ಹೊಲಿದು ಹಾಕಿದ್ದೀನಿ ನಾನು.”

“ಚೆನ್ನಾಗಿತ್ತಮ್ಮ,” ಎಂದರು ಪಕ್ಕದ ಪಾತಿಯ ತಾತ. “ಲೇಸ್ ಬೇರೆ ಇತ್ತು.”

ಅವಳ ಕಣ್ಣಲ್ಲಿ ನೀರು ತುಂಬಿತು. ನಾಚಿಕೆಗೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ. ಕೈಯಲ್ಲಿದ್ದುದನ್ನು ಅವನ ಮಡಿಲಿಗೆ ಎಸೆದಳು. “ನೀವೂ ಇದೇ ಥರ. ವಾರವಾರ ನೀರು ಹಾಕಿದ್ದೇ ಬಂತು. ಮೇಲೆ ಹಸಿರು, ಕೆಳಗೆ ಏನೂ ಇಲ್ಲ.”

ಚೀಲ ಹೆಗಲಿಗೇರಿಸಿ ಹೊರಟಳು.

ಹಿಂದೆ ಏನೋ ಪಚಕ್ಕೆಂದಿತು. ತಿರುಗಿದರೆ ಅವನು ಪಾತಿಯ ನಡುವೆ ನಿಂತಿದ್ದ, ತನ್ನದೇ ಮೂಲಂಗಿಯ ಮೇಲೆ.

“ಹೇಳಿದ್ರೆ ಬೇಜಾರಾಗಿ ಬರೋದೇ ಬಿಡ್ತೀರೇನೋ ಅಂತ ಭಯ. ಡ್ಯೂಟಿ ಇದ್ದಿದ್ದು ಮಧ್ಯಾಹ್ನ. ನಿಂತ್ರೆ ಬಾಯಿ ತಪ್ಪಿ ಹೇಳ್ಬಿಡ್ತೀನಿ ಅಂತ ಓಡ್ತಿದ್ದೆ.”

“ಏನನ್ನ? ಕಳೆ ಅಂತಾನಾ?”

“ಅದನ್ನೂ.”

ಅವನ ಕಿವಿ ಮತ್ತೆ ಕೆಂಪಾಗಿತ್ತು. ಅವಳ ಸಿಟ್ಟು ಇಳಿದಿರಲಿಲ್ಲ. ಅಷ್ಟು ಸುಲಭಕ್ಕೆ ಇಳಿಸುವ ಮನಸ್ಸೂ ಇರಲಿಲ್ಲ. ಚೀಲವನ್ನಂತೂ ಕೆಳಗಿಟ್ಟಳು.

“ಕ್ಯಾರೆಟ್ ಬೀಜ ತನ್ನಿ. ನಾಳೆ ಬೆಳಿಗ್ಗೆ.”

“ನಾಳೆ ಭಾನುವಾರ ಅಲ್ವಲ್ಲ.”

“ಅದಕ್ಕೇ ನಾಳೆ,” ಎಂದಳು. “ನಾಳೆ ಮೌನ ಇರಲ್ಲ.”